ಕೊಟ್ಟಿಗೆಯೊಳಗಿನ ಗುನುಗು

ಶಿವರಾಮು ಮೇಷ್ಟ್ರು ಇಂಜಿನಿಯರ್ ಆದದ್ದು ಮಂಡ್ಯದಲ್ಲಿ, ಒಂದು ಮಧ್ಯಾಹ್ನ, ಊಟದ ವಿರಾಮ ಮುಗಿದ ಮೇಲೆ. ಅದಕ್ಕೆ ಮೊದಲು ಅವರು ಮದ್ದೂರು ಕಡೆಯ ಕೊಪ್ಪದ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದರು. ಆಮೇಲೂ ಅದೇ ಆಗಿದ್ದರು. ಆದರೆ ಅದನ್ನು ಅವರ ಎದುರಿಗೆ ಯಾರೂ ಎತ್ತಿ ಆಡುವಂತಿರಲಿಲ್ಲ.

ನಡೆದದ್ದಿಷ್ಟು. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಬಳಸುವುದು ಹೇಗೆಂದು ವಿಜ್ಞಾನದ ಮೇಷ್ಟ್ರುಗಳಿಗೆ ಮಂಡ್ಯದಲ್ಲಿ ತರಬೇತಿ ಇತ್ತು. ಶಾಲೆಯ ವಿಜ್ಞಾನದ ಮೇಡಂ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಯಾರಾದರೂ ಒಬ್ಬರು ಬಂದು ಕೂರಲೇಬೇಕು ಎಂದು ಮೇಲಿನಿಂದ ಫೋನು ಬಂದಾಗ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿದರು. ಅನುಭವಸ್ಥರೆಲ್ಲ ಉತ್ತರ ಪತ್ರಿಕೆಗಳ ಹಿಂದೆ ಮುಖ ಮರೆಸಿಕೊಂಡಿದ್ದರು. ಶಿವರಾಮು ಮೇಷ್ಟ್ರು ಮಾತ್ರ ಬಾಳೆಹಣ್ಣು ಸುಲಿಯುತ್ತ ಎಲ್ಲರಿಗೂ ಕಾಣುವಂತೆ ಕೂತಿದ್ದರು.

ತರಬೇತಿಯಿಂದ ಅವರು ಬೆಂಕಿಪೊಟ್ಟಣದಷ್ಟು ಅಗಲದ ನೀಲಿ ಬೋರ್ಡು, ಒಂದು ಹಿಡಿ ಬಣ್ಣಬಣ್ಣದ ವೈರು, ಚಿಕ್ಕದೊಂದು ಸ್ಪೀಕರು ಮತ್ತು ಒಂದು ಪ್ರಮಾಣಪತ್ರ ತಂದರು. ಪ್ರಮಾಣಪತ್ರಕ್ಕೆ ಮದ್ದೂರಿನಲ್ಲೇ ಇಳಿದು ಲ್ಯಾಮಿನೇಷನ್ ಮಾಡಿಸಿಕೊಂಡು ಮುಂದಿನ ಬಸ್ಸು ಹತ್ತಿದ್ದರು. ಅಂದು ಸಂಜೆ ಬೀದಿಯವರನ್ನೆಲ್ಲ ಜಗಲಿಗೆ ಕರೆದು, ಆ ಬೋರ್ಡಿನ ಮೇಲೆ ಸಾಸಿವೆ ಗಾತ್ರದ ದೀಪವೊಂದನ್ನು ಮಿಣುಕಿಸಿ ತೋರಿಸಿದರು. ಪಕ್ಕದ ಮನೆಯ ಪಟ್ಟಲಮ್ಮ ಬಹಳ ಹೊತ್ತು ಅದನ್ನೇ ನೋಡಿದಳು.

"ಇಷ್ಟೇಯಾ ಮೇಷ್ಟ್ರೇ? ನಮ್ಮನೇಲಿ ಬಲ್ಬು ದಿನಾ ಸಂಜೆ ಇಂಗೇ ಮಿಣುಕ್ತದೆ. ಅದುಕ್ಕೆ ಯಾವ ಟ್ರೈನಿಂಗೂ ಆಗಿಲ್ಲ."

ಇಂಥ ಮಾತಿಗೆಲ್ಲ ವಿಜ್ಞಾನಿಗಳು ಉತ್ತರ ಕೊಡುತ್ತ ಕೂರುವುದಿಲ್ಲ. ಮೇಷ್ಟ್ರೂ ಕೊಡಲಿಲ್ಲ. ಆದರೆ ಅದು ಎಲ್ಲೋ ಒಂದು ಕಡೆ ಚುಚ್ಚಿಕೊಂಡು ಕೂತಿತು.

ಈಗ ಲಚ್ಚಿಯ ವಿಷಯಕ್ಕೆ ಬರಬೇಕು. ಲಚ್ಚಿ ಮೇಷ್ಟ್ರ ಮನೆಯ ಹಸು. ನೋಡಲು ಲಕ್ಷಣವಾಗಿತ್ತು, ಹಾಲೂ ಹೇರಳ. ಆದರೆ ಮೇಷ್ಟ್ರ ಹೆಂಡತಿ ಸೌಮ್ಯಳ ಕೈಗೆ ಬಿಟ್ಟರೆ ಇನ್ನೊಬ್ಬರ ಕೈಗೆ ಅದು ಸೊರೆ ಬಿಡುತ್ತಿರಲಿಲ್ಲ. ಬೇರೆ ಯಾರೇ ಕೂತರೂ ಹಾಲನ್ನೆಲ್ಲ ಮೇಲಕ್ಕೆ ಏರಿಸಿಕೊಂಡು, ಖಾಲಿ ಕೆಚ್ಚಲು ಒಡ್ಡಿ, ನಿಮ್ಮ ಹಣೆಬರಹ ಎನ್ನುವಂತೆ ನಿಂತುಬಿಡುತ್ತಿತ್ತು. ಸೌಮ್ಯ ಅದರ ಪಕ್ಕೆಗೆ ಹಣೆ ಆನಿಸಿ ಕೂತು, ಬಾಯಿ ಮುಚ್ಚಿಕೊಂಡೇ ಒಂದೇ ಸಮನೆ ಗುನುಗುವಳು. ಅದಕ್ಕೆ ಪದವಿಲ್ಲ, ರಾಗವಿಲ್ಲ, ಒಂದೇ ಒಂದು ಸ್ವರ. ಅದು ಕಿವಿಗೆ ಬಿದ್ದ ಕೂಡಲೇ ಲಚ್ಚಿ ಕಣ್ಣು ಅರ್ಧ ಮುಚ್ಚುವುದು, ಹಾಲು ಧಾರೆಯಾಗಿ ಇಳಿಯುವುದು.

ಇದರಿಂದಾಗಿ ಸೌಮ್ಯಳಿಗೆ ತವರಿನಲ್ಲಿ ರಾತ್ರಿ ಮಲಗುವ ಯೋಗವೇ ತಪ್ಪಿಹೋಗಿತ್ತು. ತವರೇನು ದೂರವಲ್ಲ, ಮಳವಳ್ಳಿ ತಾಲ್ಲೂಕಿನ ಹಲಗೂರು. ಆದರೆ ಬೆಳಗಿನ ಹಾಲು ಕರೆದು ಬಸ್ಸು ಹತ್ತಿದವಳು ಸಂಜೆಯ ಹಾಲಿಗೆ ವಾಪಸು ಬರಬೇಕು. ತಾಯಿ ಮಾಡಿದ ಅಡುಗೆಯನ್ನು ಗಡಿಯಾರ ನೋಡಿಕೊಂಡೇ ಉಣ್ಣಬೇಕು. ಲಚ್ಚಿ ಮನೆಗೆ ಬಂದ ಮೇಲೆ ಅವಳ ತವರಿನ ಭಾಗ್ಯ ಅಷ್ಟರಲ್ಲೇ ಮುಗಿದುಹೋಗುತ್ತಿತ್ತು.

ಹೀಗಿರುವಾಗ ಅವಳ ತಂಗಿ ಮಂಜುಶ್ರೀಗೆ ಹೆರಿಗೆಯಾಯಿತು. ತಾಯಿ ಚಲುವಮ್ಮನಿಗೆ ಮಂಡಿ ನೋವು, ಬಾಣಂತನ ಮಾಡಲು ಒಬ್ಬರು ಬೇಕು. ಫೋನು ಇಟ್ಟ ಸೌಮ್ಯ ಒಲೆಯ ಕಡೆ ತಿರುಗಿ, "ನಾನೆಲ್ಲಿ ಹೋಗಕಾಯ್ತದೆ ಬುಡಿ, ಲಚ್ಚಿ ಕರೆಯೋರು ಯಾರು" ಎಂದಳು. ದೂರುವ ದನಿಯಲ್ಲ ಅದು, ನಾಳೆ ಬುಧವಾರ ಎಂದು ಹೇಳುವಷ್ಟೇ ತಣ್ಣಗಿನ ದನಿ. ಅದನ್ನು ಕೇಳಿ ಮೇಷ್ಟ್ರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು. ಅಷ್ಟರಲ್ಲಿ ಪಟ್ಟಲಮ್ಮ ಮೊಸರಿನ ಹೆಪ್ಪಿಗೆಂದು ಲೋಟ ಹಿಡಿದು ಬಾಗಿಲಲ್ಲಿ ನಿಂತಿರದಿದ್ದರೆ, ಅವರು ಹೆಂಡತಿಗೆ ಒಂದು ಸಮಾಧಾನದ ಮಾತು ಹೇಳಿ ಸುಮ್ಮನಾಗುತ್ತಿದ್ದರು. ಪಟ್ಟಲಮ್ಮನನ್ನು ನೋಡಿದ್ದೇ ಮಿಣುಕು ದೀಪದ ಮಾತು ನೆನಪಾಯಿತು.

"ನೀನು ಹೊರಡು. ಲಚ್ಚೀನ ನಾನು ನೋಡ್ಕೋತೀನಿ. ಟೆಕ್ನಾಲಜಿ ಅಂತ ಒಂದಿದೆ" ಎಂದುಬಿಟ್ಟರು.

ಸೌಮ್ಯ ಹೊರಡುವಾಗ ಬಸ್ಸಿನ ಕಿಟಕಿಯಿಂದ ಹೇಳಿದ್ದು ಒಂದೇ ಮಾತು. "ಆಲು ಕಮ್ಮಿ ಆಯ್ತು ಅಂದ್ರೆ ಮುಚ್ಚಿಡ್ಬೇಡಿ. ಅಸ ಬತ್ತೋಯ್ತದೆ. ಒಂದು ಫೋನು ಮಾಡಿ, ಮೊದಲ್ನೇ ಬಸ್ಸಿಗೇ ಬತ್ತೀನಿ."

ಹಾಲು ಕಮ್ಮಿಯಾದದ್ದು ಮಾರನೆಯ ಬೆಳಿಗ್ಗೆಯೇ. ಮೇಷ್ಟ್ರು ಲಚ್ಚಿಯ ಪಕ್ಕೆಗೆ ಹಣೆ ಆನಿಸಿದರು, ಸೌಮ್ಯಳ ಹಳೆಯ ಸೀರೆ ಹೊದ್ದರು, ತಾವೇ ಗುನುಗಿಯೂ ನೋಡಿದರು. ಲಚ್ಚಿ ಕತ್ತು ತಿರುಗಿಸಿ, ಪಾಠ ಓದಿಕೊಂಡು ಬಾರದ ಹುಡುಗನನ್ನು ಅವರು ನೋಡುವಂತೆ ಅವರನ್ನು ನೋಡಿತು. ಸಿಕ್ಕ ಹಾಲು ಕ್ಯಾನಿನ ತಳ ಮುಚ್ಚಲಿಲ್ಲ. ಡೇರಿಯ ಕಾರ್ಯದರ್ಶಿ ಚಿಕ್ಕಬೋರಯ್ಯ ಕ್ಯಾನಿನೊಳಗೆ ಬಗ್ಗಿ ನೋಡಿದ.

"ಮೇಷ್ಟ್ರೇ, ಸ್ಯಾಂಪಲ್ಲು ಬಂತು. ಆಲು ಇಂದುಗಡೆಯಿಂದ ಬತ್ತದಾ?"

ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರೂ ನಕ್ಕರು, ನಗುತ್ತಲೇ ಲೆಕ್ಕ ಹಾಕಿದರು. ಹೀಗೇ ನಡೆದರೆ ಹಸು ಬತ್ತುತ್ತದೆ, ಇಲ್ಲವೇ ಸೌಮ್ಯ ಗಂಟುಮೂಟೆ ಕಟ್ಟಿಕೊಂಡು ವಾಪಸು ಬರುತ್ತಾಳೆ. ಎರಡೂ ಆಗಕೂಡದು. ಮಧ್ಯಾಹ್ನ ಅವಳು ಫೋನು ಮಾಡಿ ಕೇಳಿದಾಗ, "ಧಾರಾಳವಾಗಿ ಕೊಡ್ತು, ನೀನು ಮಗು ನೋಡ್ಕೋ" ಎಂದರು. ಮದುವೆಯಾದ ಮೇಲೆ ಅವರು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಅಂದು ಸಂಜೆ ನೀಲಿ ಬೋರ್ಡು ಕೊಟ್ಟಿಗೆ ಪ್ರವೇಶ ಮಾಡಿತು. ಸೌಮ್ಯಳ ಗುನುಗು ಎಂದರೆ ಒಂದು ಸ್ವರ ತಾನೆ, ಸ್ವರ ಹೊರಡಿಸುವುದನ್ನು ಮಂಡ್ಯದಲ್ಲಿ ಹೇಳಿಕೊಟ್ಟಿದ್ದರಲ್ಲ. ಮೇಷ್ಟ್ರು ಸ್ಪೀಕರನ್ನು ಬೋರ್ಡಿಗೆ ಸಿಕ್ಕಿಸಿ, ಗಾಂಭೀರ್ಯದಿಂದ ಸ್ವಿಚ್ಚು ಒತ್ತಿದರು. ಕೀ ಎಂದು ಹೊರಟ ಸದ್ದಿಗೆ ಲಚ್ಚಿ ಮೊದಲು ಕಿವಿ ನಿಮಿರಿಸಿತು, ಆಮೇಲೆ ಬಾಲ ಎತ್ತಿತು, ಆಮೇಲೆ ಬಕೆಟ್ಟನ್ನು ಒದ್ದಿತು. ಬಕೆಟ್ಟು ಮೇಷ್ಟ್ರ ಮಂಡಿಗೆ ಬಡಿದು ಬಾಗಿಲಿನಾಚೆಗೆ ಉರುಳಿತು. ಗೋಡೆಯ ಆ ಕಡೆಯಿಂದ ಪಟ್ಟಲಮ್ಮ, "ಯಾರ್ಲಾ ಅದು, ಸಂಜೆ ಒತ್ನಲ್ಲಿ ಗರಗಸ ಮಸೆಯೋನು" ಎಂದು ಕೂಗಿದಳು.

ತಪ್ಪು ಬೋರ್ಡಿನದಲ್ಲ. ಪಾಪ, ಅದಕ್ಕೆ ಗೊತ್ತಿರುವುದು ಎರಡೇ ಮಾತು, ಇದೆ ಮತ್ತು ಇಲ್ಲ. ಇದೆ, ಇಲ್ಲ, ಇದೆ, ಇಲ್ಲ ಎಂದು ಅದು ಸೆಕೆಂಡಿಗೆ ನೂರಾರು ಸಲ ಹೇಳಿದರೆ ಸ್ಪೀಕರು ಅದನ್ನೇ ಸ್ವರ ಎಂದುಕೊಂಡು ಕೂಗುತ್ತದೆ. ಅಂಥ ಸ್ವರದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಬರೀ ಮೂಲೆಗಳು. ಆ ಮೂಲೆಗಳೇ ಕಿವಿಗೆ ಚುಚ್ಚುವುದು. ಇದನ್ನು ಮೇಷ್ಟ್ರು ಯೂಟ್ಯೂಬಿನಲ್ಲಿ ನೋಡಿ ತಿಳಿದುಕೊಂಡರು. ಒಂದು ರೆಸಿಸ್ಟರು, ಒಂದು ಕೆಪಾಸಿಟರು ನಡುವೆ ಹಾಕಿದರೆ ಮೂಲೆಗಳೆಲ್ಲ ಸವೆದು ಸ್ವರ ದುಂಡಗಾಗುತ್ತದಂತೆ. ಮೊರದಲ್ಲಿ ಅಕ್ಕಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ ಕೀರಲು ಹಾರಿಹೋಗಿ ಸ್ವರ ಉಳಿಯುತ್ತದೆ. ಇದಕ್ಕೆ ಫಿಲ್ಟರ್ ಎಂದು ಹೆಸರು. ಮೇಷ್ಟ್ರು ಮದ್ದೂರಿಗೆ ಹೋಗಿ ರೇಡಿಯೋ ರಿಪೇರಿ ಅಂಗಡಿಯಿಂದ ಬೇಕಾದ ಸಾಮಾನು ತಂದು ಒಂದು ಫಿಲ್ಟರ್ ಹಾಕಿದರು. ಗರಗಸ ಹೋಗಿ ಪೀಪಿಯಾಯಿತು. ಅದರ ಹಿಂದೆ ಇನ್ನೊಂದು ಹಾಕಿದರು. ಪೀಪಿ ಹೋಗಿ ಗುನುಗಾಯಿತು. ಲಚ್ಚಿ ಬಾಲ ಇಳಿಸಿತು, ಆದರೆ ಹಾಲು ಇಳಿಸಲಿಲ್ಲ.

ಸ್ವರ ನಯವಾಗಿತ್ತು, ಆದರೆ ಸೌಮ್ಯಳದಾಗಿರಲಿಲ್ಲ. ಎತ್ತರ ಎಷ್ಟಿರಬೇಕು? ಅದನ್ನು ಏರಿಸಿ ಇಳಿಸಲೆಂದು ಬೋರ್ಡಿಗೆ ಸಿಕ್ಕಿಸಿದ್ದ ತಿರುಪನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಕೂತ ಮೇಷ್ಟ್ರಿಗೆ ಒಂದು ಸಂಗತಿ ಹೊಳೆದು ನಾಚಿಕೆಯಾಯಿತು. ಇಷ್ಟು ವರ್ಷ ದಿನಕ್ಕೆರಡು ಹೊತ್ತು ಕೇಳಿದ ಸ್ವರ. ಲಚ್ಚಿಗೆ ಅದು ಬಾಯಿಪಾಠ, ತಮಗೆ ನೆನಪಿಲ್ಲ.

ಹಲಗೂರಿಗೆ ಫೋನು ಮಾಡಿದರು. "ಸೌಮ್ಯಾ, ಒಂದು ಸಲ ಗುನುಗು."

ಆ ಕಡೆಯಿಂದ ಪಿಸುದನಿ. "ಏನು?"

"ಹಾಲು ಕರೆಯುವಾಗ ಗುನುಗ್ತೀಯಲ್ಲ, ಹಾಗೆ."

"ಯಾಕೆ? ಲಚ್ಚಿ ಆಲು ಕೊಡ್ತಿಲ್ವಾ?"

"ಕೊಡ್ತಿದಾಳೆ. ಇದು ಸುಮ್ಮನೆ. ಕೇಳ್ಬೇಕು ಅನ್ನಿಸ್ತು."

ಬಾಣಂತಿಯ ಮನೆಯೆಂದ ಮೇಲೆ ಹೇಳಬೇಕಾಗಿಲ್ಲ, ಕೋಣೆಯ ತುಂಬ ಹೆಂಗಸರು. ಸೌಮ್ಯ ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿಕೊಂಡು, ಮೆಲ್ಲಗೆ ಗುನುಗಿದಳು. ಫೋನುಗಳು ಈಗೀಗ ಬಹಳ ಬುದ್ಧಿವಂತವಾಗಿವೆ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನದೋ ಮೋಟಾರಿನದೋ ಎಂದು ತಿಳಿದು ನುಂಗಿಹಾಕುತ್ತವೆ. ಮೇಷ್ಟ್ರ ಕಿವಿಗೆ ಬಿದ್ದದ್ದು ಗುನುಗಿನ ತುದಿ ಮಾತ್ರ.

"ಇನ್ನೊಂದು ಸಲ. ಸ್ವಲ್ಪ ಗಟ್ಟಿಯಾಗಿ." ಅವರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತಿರುಪಿನ ಮೇಲೆ. "ಆಹಾ, ಬಂತು, ಬಂತು. ಇನ್ನೊಂದೇ ಒಂದು ಸಲ."

ಮಂಜುಶ್ರೀ ಹಾಸಿಗೆಯಿಂದಲೇ ಕೈ ಚಾಚಿ ಫೋನಿನ ಸ್ಪೀಕರ್ ಒತ್ತಿದಳು. "ಉದ್ದಕ್ಕೆ, ಉಸಿರು ಬಿಡದ ಹಾಗೆ" ಎಂಬ ಮೇಷ್ಟ್ರ ಮಾತು ಕೋಣೆಗೆಲ್ಲ ಕೇಳಿಸಿತು. ಹೆಂಗಸರು ಸೆರಗು ಬಾಯಿಗೆ ತುಂಬಿಕೊಂಡರು. ಚಲುವಮ್ಮ ಅಳಿಯನ ಪರವಾಗಿ ಎಲ್ಲರ ಮುಂದೆ ಅಭಿಮಾನ ಪಟ್ಟಳು. "ನಗ್ಬೇಡಿ ಕಣ್ರೇ. ಎಂಡ್ತಿ ದನಿ ಕೇಳ್ದೆ ಅನ್ನ ಸೇರಾಕಿಲ್ಲ ನಮ್ಮ ಅಳಿಯಂದ್ರಿಗೆ. ನಿಮ್ಮ ನಿಮ್ಮ ಗಂಡದೀರು ಯಾವತ್ತಾದ್ರೂ ಕೇಳವ್ರಾ?"

ಯಾರೂ ಕೇಳಿರಲಿಲ್ಲ. ನಗು ಅಲ್ಲಿಗೆ ನಿಂತಿತು. ಸೌಮ್ಯ ಮಾತ್ರ ಕಿವಿಯವರೆಗೂ ಕೆಂಪಾಗಿ, ಯಾರೂ ಕೇಳದಿದ್ದರೂ ಇನ್ನೊಂದು ಸಲ ಗುನುಗಿದಳು.

ಎತ್ತರ ಸಿಕ್ಕಿತು. ಆದರೆ ಎರಡು ಫಿಲ್ಟರ್ ದಾಟಿ ಬರುವಷ್ಟರಲ್ಲಿ ಸ್ವರ ಸೊಳ್ಳೆಯಷ್ಟು ಸಣ್ಣಗಾಗಿರುತ್ತಿತ್ತು. ಸೋಸಿದಷ್ಟೂ ಕಳೆದುಹೋಗುತ್ತದೆ, ಪ್ರಪಂಚದ ನಿಯಮ. ಅದಕ್ಕೆ ಮೇಷ್ಟ್ರು ಆಂಪ್ಲಿಫೈಯರ್ ಎಂಬ ಇನ್ನೊಂದು ಪುಟ್ಟ ಬೋರ್ಡು ತಂದು ಸೇರಿಸಿದರು. ಅದು ಸಣ್ಣ ಸ್ವರವನ್ನು ದೊಡ್ಡದು ಮಾಡುವ ಯಂತ್ರ. ಸ್ಪೀಕರನ್ನು ತಾಮ್ರದ ಬಿಂದಿಗೆಯ ಬಾಯಿಗೆ ಕೂರಿಸಿದರು. ಸ್ವಿಚ್ಚು ಒತ್ತಿದಾಗ ಬಿಂದಿಗೆಯ ಹೊಟ್ಟೆಯೊಳಗಿನಿಂದ ಹೊರಟ ಗುನುಗು ಎಷ್ಟು ತುಂಬಿಕೊಂಡಿತ್ತೆಂದರೆ, ಮೇಷ್ಟ್ರು ತಾವೇ ಒಮ್ಮೆ ಹಿಂದೆ ತಿರುಗಿ ನೋಡಿದರು.

ಲಚ್ಚಿ ಮೆಲುಕು ನಿಲ್ಲಿಸಿತು. ಕಣ್ಣು ಅರ್ಧ ಮುಚ್ಚಿತು. ಹಾಲು ಧಾರೆಯಾಗಿ ಇಳಿಯಿತು. ಬಕೆಟ್ಟಿನಲ್ಲಿ ನೊರೆ ಏರುವುದನ್ನು ನೋಡುತ್ತ ಸಮಾಜ ವಿಜ್ಞಾನದ ಮೇಷ್ಟ್ರ ಕಣ್ಣು ತುಂಬಿ ಬಂತು. ಅಂದು ಡೇರಿಯಲ್ಲಿ ಚಿಕ್ಕಬೋರಯ್ಯ ಕ್ಯಾನು ಎತ್ತುವಾಗ ಭಾರಕ್ಕೆ ಉಸ್ಸೆಂದ. ಅದಕ್ಕಿಂತ ದೊಡ್ಡ ಸನ್ಮಾನ ಮೇಷ್ಟ್ರಿಗೆ ಬೇಕಿರಲಿಲ್ಲ. ತಮ್ಮಿಂದ ಬರಿಗೈಯಲ್ಲಿ ಆಗಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ ಎಂದು ಯಂತ್ರದ ವಿಷಯ ಮಾತ್ರ ಯಾರಿಗೂ ಬಾಯಿಬಿಡಲಿಲ್ಲ. ಸೌಮ್ಯ ಬಂದ ಮೇಲೆ ಬೀದಿಯವರನ್ನೆಲ್ಲ ಕರೆದು ಒಂದೇ ಸಲ ತೋರಿಸುವುದೆಂದು ನಿಶ್ಚಯಿಸಿದ್ದರು.

ಆ ನಿಶ್ಚಯವೇ ಅವರಿಗೆ ಮುಳುವಾಯಿತು.

ಪಟ್ಟಲಮ್ಮ ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಹಾಕುವಾಗ ಗೋಡೆಯ ಈ ಕಡೆಯಿಂದ ಹೆಂಗಸಿನ ಗುನುಗು ಕೇಳಿಸಿತು. ಸೌಮ್ಯ ಬಂದಳೇನೋ ಎಂದುಕೊಂಡಳು. ಆದರೆ ಮೇಷ್ಟ್ರ ಬಾಗಿಲ ಮುಂದೆ ರಂಗೋಲಿ ಇರಲಿಲ್ಲ, ತಂತಿಯ ಮೇಲೆ ಸೀರೆ ಇರಲಿಲ್ಲ. ಸಂಜೆಯೂ ಗುನುಗು ಕೇಳಿಸಿತು. ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ, ಡೇರಿಯ ಸಾಲಿನಲ್ಲಿ ತನ್ನ ಮುಂದಿದ್ದವಳಿಗೆ ಮತ್ತು ಹಿಂದಿದ್ದವಳಿಗೆ ಮಾತ್ರ ಹೇಳಿದಳು.

"ದನಿ ಯಾರದ್ದಕ್ಕ?"

"ಗುರುತು ಸಿಗಾಕಿಲ್ಲ ಕಣೆ. ಮಾತೇ ಆಡಾಕಿಲ್ಲ ಅವ್ಳು, ಬರೀ ಊಂ ಅಂತಾಳೆ. ಬಾಯ್ಬುಟ್ರೆ ಯಾರು ಅಂತ ಗೊತ್ತಾಗೋಯ್ತದಲ್ಲ, ಅದುಕ್ಕೇಯ."

"ಯಾವ ಕಡೆಯೋಳೋ."

"ಯಾವ ಕಡೆಯೋಳಾದ್ರೂ ಗಟ್ಟಿಗಿತ್ತಿ. ಒಂದು ಲೀಟ್ರು ಆಲು ಕರೆಯೋಗಂಟ ಉಸುರೇ ತಗಳಾಕಿಲ್ಲ ಅಂತೀನಿ."

ಚಿಕ್ಕಬೋರಯ್ಯ ಹಾಲಿನ ಪರೀಕ್ಷೆ ನಿಲ್ಲಿಸಿ ಕೇಳುತ್ತಿದ್ದ. ಮೇಷ್ಟ್ರ ಹಾಲು ಒಂದೇ ದಿನದಲ್ಲಿ ತಳದಿಂದ ಕಂಠಕ್ಕೆ ಏರಿದ್ದು ಹೇಗೆಂಬ ಒಗಟನ್ನು ಅವನು ಆಗ ಬಿಡಿಸಿಬಿಟ್ಟ. "ಅದುಕ್ಕೆ ಮತ್ತೆ," ಎಂದ ಅವನು, "ಗಂಡಸಿನ ಕೈಲಿ ಬರೋ ಆಲಲ್ಲ ಅದು."

ಮೇಷ್ಟ್ರಿಗೆ ಬುದ್ಧಿ ಹೇಳುವ ಕೆಲಸ ಪಟ್ಟಲಮ್ಮನ ಗಂಡ ಕೆಂಪಸಿದ್ದಯ್ಯನ ಪಾಲಿಗೆ ಬಂತು. ಅವರು ಡೇರಿಯ ನಿರ್ದೇಶಕರು, ಮೆತ್ತನೆಯ ಮನುಷ್ಯ, ಊರಿನಲ್ಲಿ ಯಾರಿಗೂ ಇದುವರೆಗೆ ಬುದ್ಧಿ ಹೇಳಿದವರಲ್ಲ. ಹೆಂಡತಿ ಬೆನ್ನಿಗೆ ಕೈಹಚ್ಚಿ ಕಳಿಸಿದ ಮೇಲೆ ಬಂದು ಮೇಷ್ಟ್ರ ಜಗಲಿಯ ತುದಿಯಲ್ಲಿ ಕೂತರು. ಬೀಡಿ ಅರ್ಧ ಸುಟ್ಟ ಮೇಲೆ ಮಾತು ಹೊರಟಿತು.

"ಮೇಷ್ಟ್ರೇ, ಕೊಟ್ಟಿಗೇಲಿ ಬೆಳಿಗ್ಗೆ ಸಂಜೆ... ಅದು... ಅಕ್ಕಪಕ್ಕದೋರಿಗೆ ಕೇಳಿಸ್ತದೆ."

ಮೇಷ್ಟ್ರು ಗಾಬರಿಯಾದರು. ಗರಗಸದ ದೂರು ಅವರಿಗಿನ್ನೂ ನೆನಪಿತ್ತು. "ತೊಂದರೆ ಆಯ್ತಾ? ಕರ್ಕಶವಾಗಿದೆಯಾ?"

"ಕರ್ಕಶ ಏನಿಲ್ಲ. ಚೆನ್ನಾಗೇ ಅದೆ. ಚೆನ್ನಾಗಿರೋದೇ ತೊಂದ್ರೆ."

"ಹಾಗನ್ನಬೇಡಿ, ಇನ್ನೂ ಸ್ವಲ್ಪ ಒರಟಿದೆ, ನನಗೂ ಗೊತ್ತು. ನಾಳೆಯೊಳಗೆ ಇನ್ನಷ್ಟು ನಯ ಮಾಡ್ತೀನಿ. ನೀವೇ ಕೇಳಿ ಹೇಳಿ."

ಕೆಂಪಸಿದ್ದಯ್ಯ ಬೀಡಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. "ಆ ಮನುಷ್ಯನ್ಗೆ ನಾಚ್ಕೆನೇ ಇಲ್ಲ ಕಣೆ. ನನ್ನೂ ಕೇಳಕ್ಕೆ ಕರೀತಾನೆ" ಎಂದು ಹೆಂಡತಿಗೆ ವರದಿ ಒಪ್ಪಿಸಿದರು. ಅಂದಿನಿಂದ ಅವರು ಸಂಜೆಯ ಬೀಡಿಗೆ ಬೀದಿಯ ಜಗಲಿ ಬಿಟ್ಟು ಕೊಟ್ಟಿಗೆಯ ಗೋಡೆಯ ಪಕ್ಕದ ಕಲ್ಲಿಗೆ ಬಂದು ಕೂರತೊಡಗಿದರು. ಯಾಕೆಂದು ಪಟ್ಟಲಮ್ಮ ಕೇಳಿದರೆ, ಅಲ್ಲಿ ಗಾಳಿ ಚೆನ್ನಾಗಿದೆ ಎಂದರು.

ಮೇಷ್ಟ್ರು ಕೊಟ್ಟ ಮಾತು ತಪ್ಪುವವರಲ್ಲ. ಮೂರನೆಯ ಫಿಲ್ಟರ್ ಹಾಕಿದರು. ಸ್ವರ ಬೆಣ್ಣೆಯಾಯಿತು, ಜೊತೆಗೆ ಇನ್ನಷ್ಟು ಸಣ್ಣಗಾಯಿತು. ಅದಕ್ಕೆ ಆಂಪ್ಲಿಫೈಯರನ್ನು ಇನ್ನಷ್ಟು ತಿರುಗಿಸಿದರು. ಯಾವಾಗಲೂ ಒಂದೇ ಸಮನೆ ಇದ್ದರೆ ಜೀವವಿಲ್ಲದಂತೆ ಕೇಳುತ್ತದೆಂದು ಸ್ವರಕ್ಕೆ ಕೊಂಚ ನಡುಕ ಸೇರಿಸಿದರು. ಈಗ ಬಿಂದಿಗೆಯೊಳಗಿನ ಹೆಂಗಸು ಗುನುಗಿದರೆ ಬೀದಿಯ ತುದಿಯ ಅಂಗಡಿಯವರೆಗೂ ಕೇಳುತ್ತಿತ್ತು. ಮೊದಲು ಗುಟ್ಟಾಗಿದ್ದವಳು ಈಗ ರಾಜಾರೋಷವಾಗಿ ಹಾಡುತ್ತಿದ್ದಾಳೆ, ಅದೂ ಅಳುವಂತೆ, ಎಂದು ಬೀದಿ ತೀರ್ಮಾನಿಸಿತು. "ಅದ್ಯಾರ ಮನೆ ಮಗಳೋ, ಏನು ಕಷ್ಟವೋ" ಎಂದು ಒಬ್ಬಿಬ್ಬರು ಅವಳ ಪರವಾಗಿಯೂ ಮಾತಾಡಿದರು.

ಹಾಲಿನ ಲಾರಿಯ ಜೊತೆ ಸುದ್ದಿ ಮದ್ದೂರಿಗೆ ಹೋಯಿತು, ಅಲ್ಲಿಂದ ಬಸ್ಸು ಹತ್ತಿ ಹಲಗೂರಿನಲ್ಲಿ ಇಳಿಯಿತು. ಚಲುವಮ್ಮ ಕೇಳಿ ಮಂಡಿಗೆ ಹಚ್ಚುತ್ತಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಎಲ್ಲ ಅರ್ಥವಾಯಿತು.

"ಅಯ್ಯೋ ನನ್ನ ಮಗಳೇ. ಮೊನ್ನೆ ಫೋನಲ್ಲಿ ನಿನ್ನ ಕೈಲಿ ಊಂ ಅನ್ನಿಸ್ಕಂಡ್ನಲ್ಲ, ಯಾತುಕ್ಕೆ ಗೊತ್ತಾ? ಅವ್ಳಿಗೆ ಕಲ್ಸಕ್ಕೆ. ನಿನ್ನಂಗೇ ಅನ್ನದಿದ್ರೆ ಅಸ ಆಲು ಕೊಡಾಕಿಲ್ವಲ್ಲ."

ಸೌಮ್ಯ ಮಗುವನ್ನು ತೊಟ್ಟಿಲಿಗೆ ಹಾಕಿ, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿದಳು. ಬಟ್ಟೆಬರೆಯನ್ನೂ ತೆಗೆದುಕೊಳ್ಳಲಿಲ್ಲ. ಅವಳ ತಮ್ಮ ಪ್ರಸನ್ನ ಮಳವಳ್ಳಿಯಲ್ಲಿ ಕಂದಾಯದ ಕೆಲಸದಲ್ಲಿದ್ದವನು. ಅವನಿಗೆ ಯಾವ ವಿಷಯವನ್ನಾದರೂ ಸ್ಥಳ ಪರಿಶೀಲನೆ ಮಾಡದೆ ನಂಬುವ ಅಭ್ಯಾಸವಿರಲಿಲ್ಲ. ರಜೆ ಹಾಕಿ ಅವನೂ ಹೊರಟ. ಮಂಡಿ ನೋವಿನ ಚಲುವಮ್ಮ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ್ದಳು.

ಕೊಪ್ಪದಲ್ಲಿ ಇಳಿದು ಹತ್ತಿದ ಆಟೋ ಬೀದಿಗೆ ಬಂದಾಗ ಸಂಜೆ ಹಾಲು ಕರೆಯುವ ಹೊತ್ತು. ಕೊಟ್ಟಿಗೆಯಿಂದ ಗುನುಗು ತೇಲಿ ಬರುತ್ತಿತ್ತು. ಕೇಳಿದ ಚಲುವಮ್ಮ ಎದೆಗೆ ಕೈಯಿಟ್ಟುಕೊಂಡಳು. ಬೀದಿಯ ಜನ ಏನೂ ಕೆಲಸವಿಲ್ಲದೆ ಹೊರಗೆ ಬಂದು ನಿಂತರು. ಪ್ರಸನ್ನ ಆಟೋದಿಂದ ಇಳಿದವನೇ ಸುತ್ತ ನೋಡಿದ.

"ಮಹಜರು ಅಂದ್ಮೇಲೆ ಇಬ್ಬರು ಸಾಕ್ಷಿ ಬೇಕು. ಯಾರು ಬರ್ತೀರಿ?"

ಚಿಕ್ಕಬೋರಯ್ಯ ಡೇರಿಗೆ ಬೀಗ ಹಾಕಿ ಬಂದ. ಪಟ್ಟಲಮ್ಮನನ್ನು ಯಾರೂ ಕರೆಯಬೇಕಾಗಿರಲಿಲ್ಲ.

ಎಲ್ಲರಿಗಿಂತ ಮುಂದೆ ಸೌಮ್ಯ ಒಳಗೆ ಹೋದಳು. ಕೊಟ್ಟಿಗೆಯಲ್ಲಿ ಲಚ್ಚಿ ನಿಂತಿತ್ತು. ಮೇಷ್ಟ್ರು ಅದರ ಪಕ್ಕೆಗೆ ಹಣೆ ಆನಿಸಿ, ಕಣ್ಣು ಮುಚ್ಚಿ ಹಾಲು ಕರೆಯುತ್ತಿದ್ದರು. ಇನ್ನೊಂದು ನರಪಿಳ್ಳೆ ಇರಲಿಲ್ಲ. ಗುನುಗು ಮಾತ್ರ ಇತ್ತು.

"ಎಲ್ಲವ್ಳೆ?" ಎಂದಳು ಚಲುವಮ್ಮ.

ಮೇಷ್ಟ್ರು ಕಣ್ಣು ಬಿಟ್ಟು, ಬಾಗಿಲಲ್ಲಿ ಕಿಕ್ಕಿರಿದ ಮುಖಗಳನ್ನು ನೋಡಿದರು. "ಶ್. ಈಗ ಯಾರೂ ಸದ್ದು ಮಾಡಬೇಡಿ. ಕರೆಯೋದು ಮಧ್ಯದಲ್ಲಿ ನಿಂತರೆ ಹಾಲು ಮೇಲಕ್ಕೆ ಏರ್ಸಿಬಿಡ್ತಾಳೆ."

ಎಷ್ಟೇ ಸಿಟ್ಟಿದ್ದರೂ ಸೊರೆ ಬಿಟ್ಟ ಹಸುವನ್ನು ಬೆದರಿಸುವ ಜನ ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬಾಯಿ ಮುಚ್ಚಿ ನಿಂತರು. ಪ್ರಸನ್ನ ತುದಿಗಾಲಲ್ಲಿ ನಡೆದು ಹುಲ್ಲಿನ ಮೆದೆಯ ಹಿಂದೆ ನೋಡಿದ, ಗೊಂತಿನ ಕೆಳಗೆ ಬಗ್ಗಿದ, ಅಟ್ಟದ ಕಡೆ ಕತ್ತೆತ್ತಿದ. ಚಲುವಮ್ಮ ನಿಲ್ಲಲಾರದೆ ಹಿಂಡಿಯ ಮೂಟೆಯ ಮೇಲೆ ಕೂತಳು. ಬಕೆಟ್ಟು ತುಂಬುವವರೆಗೂ ಆರೋಪಿ ಹಾಲು ಕರೆದರು, ನ್ಯಾಯಸ್ಥಾನ ಕಾದುನಿಂತಿತು. ಕೊನೆಗೆ ಮೇಷ್ಟ್ರು ಎದ್ದು, ಬಕೆಟ್ಟನ್ನು ಪಕ್ಕಕ್ಕಿಟ್ಟು, ಬಿಂದಿಗೆಯ ಪಕ್ಕದ ಸ್ವಿಚ್ಚು ಒತ್ತಿದರು. ಗುನುಗು ಕತ್ತರಿಸಿದಂತೆ ನಿಂತಿತು.

ಪಟ್ಟಲಮ್ಮ ಮುಂದೆ ಬಂದು ಬಿಂದಿಗೆಯ ಹತ್ತಿರ ಬಗ್ಗಿದಳು. "ಇದ್ರೊಳ್ಗಾ?"

ಆಗ ಮೇಷ್ಟ್ರಿಗೆ ತಮ್ಮ ಮೇಲೆ ಇದ್ದ ಆರೋಪ ಏನೆಂದು ಅರ್ಥವಾಯಿತು. ಅವರು ಕೋಪ ಮಾಡಿಕೊಳ್ಳಲಿಲ್ಲ. ಇಡೀ ಬೀದಿ ತಮ್ಮ ಫಿಲ್ಟರನ್ನು ನಿಜವಾದ ಹೆಂಗಸೆಂದು ನಂಬಿತ್ತಲ್ಲ ಎಂದು ಒಳಗೊಳಗೇ ಹಿಗ್ಗಿಹೋದರು. ಬೋರ್ಡು, ಮೂಲೆಗಳು, ಹೊಟ್ಟು, ಕಾಳು, ಎಲ್ಲವನ್ನೂ ವಿವರಿಸಿದರು. ಜನ ತಲೆಯಾಡಿಸಿದರು. ಪ್ರಸನ್ನ ಮಾತ್ರ ಮುಖ ಕಿವುಚಿಕೊಂಡು ಯೋಚಿಸುತ್ತಿದ್ದ.

"ಭಾವ, ಅಕ್ಕನ ದನೀನ ಫೋನಲ್ಲಿ ರೆಕಾರ್ಡ್ ಮಾಡಿ ಹಾಕಬಹುದಿತ್ತಲ್ಲ?"

ಈ ಉಪಾಯ ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಅವರು ಭಾಮೈದನ ಕಡೆ ಕನಿಕರದಿಂದ ನೋಡಿ, "ಅದರಲ್ಲಿ ಇಂಜಿನಿಯರಿಂಗ್ ಎಲ್ಲಿದೆಯಪ್ಪ?" ಎಂದರು.

ಸೌಮ್ಯ ಬಿಂದಿಗೆಯ ಹತ್ತಿರ ಬಂದು, ತಾನೇ ಸ್ವಿಚ್ಚು ಒತ್ತಿ, ಸ್ವಲ್ಪ ಹೊತ್ತು ಕೇಳಿ, ನಿಲ್ಲಿಸಿದಳು.

"ನಾನು ಇಂಗೆ ಅಂತೀನಾ?"

"ಇದಕ್ಕಿಂತ ಚೆನ್ನಾಗಿ ಅಂತೀಯ. ಎಷ್ಟು ಸೋಸಿದರೂ ಅಷ್ಟು ಬರಲಿಲ್ಲ."

ಬೀದಿಯ ಮುಂದೆ ಗಂಡ ಇಂಥ ಮಾತಾಡಿದ್ದು ಅದೇ ಮೊದಲು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಲಚ್ಚಿಯ ಬೆನ್ನು ಸವರಿದಳು. ಚಲುವಮ್ಮ ಹಿಂಡಿ ಮೂಟೆಯಿಂದ ಎದ್ದು ಅಳಿಯನಿಗೆ ಕೈಮುಗಿದಳು. "ತಪ್ಪಾಯ್ತು ಅಳಿಯಂದ್ರೇ. ಇನ್ನ ನೀನು ಇಲ್ಲೇ ಇರು ಸೌಮ್ಯ. ನಿನ್ನ ದನೀನ ಬಿಂದಿಗೇಲಿ ಮಡಿಕ್ಕೊಂಡಿರೋ ಗಂಡನ್ನ ಬುಟ್ಟು ಬರಬ್ಯಾಡ. ನಾವು ಎಂಗೋ ಮಾಡ್ಕತೀವಿ."

ಮೇಷ್ಟ್ರಿಗೂ ಒಳಗೊಳಗೆ ಅದೇ ಆಸೆಯಿತ್ತು. ಬಂದಿದ್ದಾಳಲ್ಲ, ಉಳಿದುಕೊಂಡರೆ ಸಾಕು ಎನ್ನಿಸಿತ್ತು. ಸೌಮ್ಯ ತುಂಬಿದ ಬಕೆಟ್ಟನ್ನು ನೋಡಿದಳು, ಲಚ್ಚಿಯನ್ನು ನೋಡಿದಳು.

"ಲಚ್ಚಿ ಆಲು ಕೊಡ್ತಾವ್ಳೆ. ನಾನ್ಯಾಕೆ ಇರ್ಲವ್ವ? ಮಗೀಗೆ ಬೆಳಿಗ್ಗೆ ನೀರಾಕೋರು ಯಾರು? ನಡಿ, ಆಟೋದವ್ನು ಇನ್ನೂ ಅವ್ನೆ."

ತವರಿಗೆ ಮಲಗಲು ಹೋಗುವ ಹೆಂಗಸಿನ ಮುಖ ಹೇಗಿರುತ್ತದೆ ಎಂಬುದನ್ನು ಮೇಷ್ಟ್ರು ಆಗ ಸರಿಯಾಗಿ ನೋಡಿದರು. ಮೊದಲ ಸಲ ಕಳಿಸುವಾಗ ಅವಳ ಮುಖದ ತುಂಬ ಹಸುವಿನ ಚಿಂತೆಯಿತ್ತು. ಈಗ ಅದಿರಲಿಲ್ಲ. ಅವರಿಗೆ ಬಹಳ ಸಂತೋಷವಾಯಿತು, ಅಷ್ಟೇ ಬೇಸರವೂ ಆಯಿತು. "ನಿಧಾನಕ್ಕೆ ಬಾ" ಎಂದರು. ಆಟೋ ತಿರುವು ದಾಟುವವರೆಗೂ ಬಕೆಟ್ಟು ಹಿಡಿದುಕೊಂಡೇ ನಿಂತಿದ್ದರು.

ಮಾರನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಕೆಂಪಸಿದ್ದಯ್ಯ ಬಾಗಿಲಲ್ಲೇ ಕಾದಿದ್ದರು. ಮೇಷ್ಟ್ರ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ನಮ್ಮನೆಯೋಳು ಬತ್ತಾವ್ಳೆ. ಏನು ಕೇಳಿದ್ರೂ ಆಗಾಕಿಲ್ಲ ಅಂದ್ಬುಡಿ. ಕೆಟ್ಟೋಗದೆ ಅನ್ನಿ. ನಮ್ಮ ಎಮ್ಮೆಗೆ ಅದು ಇಡಿಯಾಕಿಲ್ಲ ಅನ್ನಿ." ಇನ್ನೂ ಏನೋ ಹೇಳುವವರಿದ್ದರು, ಅಷ್ಟರಲ್ಲಿ ಹಿಂದೆ ಹೆಂಡತಿ ಬಂದದ್ದು ನೋಡಿ ಬೀಡಿ ಹುಡುಕಿಕೊಂಡು ಹೋದರು.

ಪಟ್ಟಲಮ್ಮ ಒಂದು ಡಬ್ಬಿ ತುಂಬ ಚಕ್ಕುಲಿ ತಂದಿದ್ದಳು. ಕ್ಷಮೆ ಕೇಳಲಿಲ್ಲ. ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಕಂಬಕ್ಕೆ ಒರಗಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

"ವೈದ್ಯನಾಥಪುರ ನಮ್ಮ ತಾಯಿಮನೆ" ಎಂದಳು ಕೊನೆಗೆ. "ನಮ್ಮಣ್ಣ ಅವ್ನೆ. ಬಸ್ಸಲ್ಲಿ ಕೂತ್ರೆ ಬೆನ್ನು ಬಿಸಿಯಾಗೋಕೆ ಮುಂಚೆ ಬತ್ತದೆ. ಅಲ್ಲಿ ಮಲಗಿ ಎದ್ದು ಯಾವ ಕಾಲ ಆಯ್ತೋ. ನಮ್ಮೆಮ್ಮೆನೂ ಅಂಗೇಯ ಮೇಷ್ಟ್ರೇ, ನನ್ನ ಕೈ ಬುಟ್ರೆ ಆಲು ಇಳಿಸಾಕಿಲ್ಲ."

ಮೇಷ್ಟ್ರಿಗೆ ಕೆಂಪಸಿದ್ದಯ್ಯ ಹೇಳಿದ್ದು ಒಂದೂ ನೆನಪಿಗೆ ಬರಲಿಲ್ಲ. ಒಳಗೆ ಹೋಗಿ ಬೋರ್ಡು, ತಿರುಪು, ವೈರು ಎಲ್ಲವನ್ನೂ ತಂದು ಅವಳ ಮುಂದೆ ಹರಡಿ ಕೂತರು. "ನೀವೂ ಗುನುಗ್ತೀರಾ?"

"ಗುನುಗೋದೆಲ್ಲಿ ಬಂತು. ನಾನು ಬಯ್ತೀನಿ. ಬೈದ್ರೇನೇ ಅದು ಕೊಡೋದು."

"ಹೇಗೆ ಬೈತೀರಿ, ಒಂದು ಸಲ ಬೈದು ತೋರ್ಸಿ."

ಪಟ್ಟಲಮ್ಮ ಅತ್ತಿತ್ತ ನೋಡಿದಳು. ಮದುವೆಯ ಮನೆಯಲ್ಲಿ ಹಾಡು ಹೇಳು ಎಂದವರ ಮುಂದೆ ನಾಚುವಂತೆ ನಾಚಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, "ಏ..." ಎಂದು ಉದ್ದಕ್ಕೆ ಎಳೆದಳು. ಬೀದಿಯ ನಾಯಿಯೊಂದು ಎದ್ದು ಜಾಗ ಬದಲಾಯಿಸಿತು. ಮೇಷ್ಟ್ರು ತಿರುಪು ತಿರುಗಿಸಿ ಎತ್ತರ ಹಿಡಿದುಕೊಂಡರು.

"ಸಿಕ್ತು. ಸ್ವಲ್ಪ ಗಡಸಾಗಿದೆ ಅಷ್ಟೆ. ಅದಕ್ಕೆ ಯೋಚನೆ ಮಾಡಬೇಡಿ, ಎರಡು ಫಿಲ್ಟರ್ ಹಾಕಿ ನಯ ಮಾಡ್ಕೊಡ್ತೀನಿ."

ಪಟ್ಟಲಮ್ಮ ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು.

"ನಯ ಮಾತ್ರ ಮಾಡ್ಬ್ಯಾಡಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ. ನಯವಾಗಿ ಕರೆದ್ರೆ ನಮ್ಮೆಮ್ಮೆ, ಈ ಮನೆಗೆ ಇನ್ಯಾವಳೋ ಬಂದವ್ಳೆ ಅಂದ್ಕಂಡು ಒದ್ದುಬುಡ್ತದೆ."